ಅರ್ಜಿಯ ಹಿಂಬದಿ

ಕಾಲೇಜು ಕಚೇರಿಯಲ್ಲಿ ನಾನು ಕೂರುತ್ತಿದ್ದ ಕಿಟಕಿಯ ಗಾಜಿನಲ್ಲಿ ಅರ್ಧಚಂದ್ರಾಕಾರದ ಒಂದು ಕಿಂಡಿಯಿತ್ತು. ಅದು ಎಷ್ಟು ತಗ್ಗಿನಲ್ಲಿತ್ತೆಂದರೆ ಎಂಥವರೂ ಮಾತಾಡಲು ಬಾಗಲೇಬೇಕಿತ್ತು. ಊರಿನ ದೊಡ್ಡಸ್ತಿಕೆಯೆಲ್ಲ ನನಗೆ ಪರಿಚಯವಾದದ್ದು ಬಾಗಿದ ಕುತ್ತಿಗೆಗಳ ರೂಪದಲ್ಲಿಯೇ.

ಆ ವರ್ಷ ಹೊಸ ಏರ್ಪಾಡೊಂದು ಬಂತು. ಹೈಸ್ಕೂಲಿನ ಮಕ್ಕಳು ಮಧ್ಯಾಹ್ನ ನಮ್ಮಲ್ಲಿಗೆ ಬಂದು ಪದವಿಯ ಒಂದು ವಿಷಯ ಓದಬಹುದು. ಪಾಸಾದರೆ ಆ ಕ್ರೆಡಿಟ್ ಮುಂದೆ ಅವರ ಪದವಿಗೆ ಸೇರುತ್ತದೆ. ಸುದ್ದಿ ಹಬ್ಬಿದ್ದೇ ತಡ, ತಂದೆತಾಯಂದಿರು ಮುಗಿಬಿದ್ದರು. ಮಗುವಿಗೆ ಇದು ದಕ್ಕೀತೇ, ದಕ್ಕದಿದ್ದರೆ ಏನಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಪಕ್ಕದ ಮನೆಯವರ ಮಗಳಿಗೆ ಸಿಕ್ಕಿತೇ ಎಂದು ಮಾತ್ರ ವಿಚಾರಿಸಿಕೊಂಡರು. ಅರ್ಜಿಯ ಹಿಂಬದಿಯಲ್ಲಿ ಹನ್ನೊಂದು ನಿಯಮಗಳು ಅಚ್ಚಾಗಿದ್ದವು. ಯಾರೂ ಹಾಳೆ ತಿರುಗಿಸಲಿಲ್ಲ.

ಫೋಟೋ ಸ್ಟುಡಿಯೋದ ಪಂಚಾಕ್ಷರಯ್ಯ ಇವರೆಲ್ಲರನ್ನೂ ಮೀರಿಸಿದ. ಹದಿನೈದರ ಮಗಳು ಶಿವಲೀಲಾಗೆ ಪದವೀಧರರ ಕಪ್ಪು ಗೌನು ತೊಡಿಸಿ, ಫೋಟೋ ತೆಗೆದು, ಅಂಗಡಿಯ ಮುಂದೆ ತೂಗುಹಾಕಿದ. ಹುಡುಗಿ ಇನ್ನೂ ಒಂದು ಪಾಠವನ್ನೂ ಕೇಳಿರಲಿಲ್ಲ.

ಮೂರನೆಯ ತಿಂಗಳು ಅವಳು ಕಿಂಡಿಗೆ ಬಾಗಿದಳು. "ಮೇಡಮ್, ಸಂಖ್ಯಾಶಾಸ್ತ್ರ ತಲೆಗೇ ಹತ್ತುತ್ತಿಲ್ಲ. ಬಿಡಬಹುದಾ?"

"ಅಪ್ಪನ ಸಹಿ ಹಾಕಿಸ್ಕೊಂಡು ಬಾ. ಶುಕ್ರವಾರ ಕೊನೇ ದಿನ," ಎಂದು ಹಾಳೆ ಕೊಟ್ಟೆ.

ಶುಕ್ರವಾರ ಅಪ್ಪನೇ ಬಂದ. ಬಾಗಲಿಲ್ಲ, ನನಗೆ ಅವನ ಅಂಗಿಯ ಗುಂಡಿಗಳಷ್ಟೇ ಕಂಡವು. "ನನ್ನ ಮಗಳಿಗೆ ಬಿಟ್ಟುಬಿಡೋದನ್ನ ಹೇಳ್ಕೊಡೋಕೆ ನೀವ್ಯಾರಮ್ಮ? ಕಿಟಕೀಲಿ ಕೂತು ಠಸ್ಸೆ ಹೊಡೆಯೋರು," ಎಂದ. ಸ್ವಲ್ಪ ಹೊತ್ತು ನಿಂತಿದ್ದು, ಸಹಿ ಹಾಕದೆ ಹೊರಟುಹೋದ.

ಶಿವಲೀಲಾ ಫೇಲಾದಳು.

ಎರಡು ವರ್ಷದ ಮೇಲೆ ಅವಳು ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕಿದಾಗ, ಹಿಂದೆ ಓದಿದ ಎಲ್ಲ ಕಾಲೇಜುಗಳ ಅಂಕಪಟ್ಟಿ ಕೇಳಿದರು. ನಮ್ಮ ಪಟ್ಟಿಯಲ್ಲಿದ್ದ ಫೇಲಿನ ಸಾಲಿನಿಂದಾಗಿ ಅವಳಿಗೆ ಸೀಟು ಸಿಗಲಿಲ್ಲ. ಪಂಚಾಕ್ಷರಯ್ಯ ಓಡಿಬಂದ. ಈ ಸಲ ಗಲ್ಲ ಕಿಂಡಿಗೆ ತಾಗುವಷ್ಟು ಬಾಗಿದ್ದ.

"ಅದೊಂದು ಸಾಲು ತೆಗೆದುಹಾಕಿಬಿಡಿ ತಾಯಿ. ಆಗ ಅವಳಿನ್ನೂ ಮಗು."

ಅವನೇ ಸಹಿ ಮಾಡಿದ್ದ ಹಳೆಯ ಅರ್ಜಿಯನ್ನು ಕಡತದಿಂದ ತೆಗೆದು, ಹಾಳೆ ತಿರುಗಿಸಿ, ಒಂಬತ್ತನೆಯ ನಿಯಮದ ಮೇಲೆ ಬೆರಳಿಟ್ಟೆ. ಕೊನೆಯ ದಿನದೊಳಗೆ ಬಿಟ್ಟರೆ ದಾಖಲೆ ಉಳಿಯುವುದಿಲ್ಲ. ಆಮೇಲೆ ಫೇಲಾದರೆ ಎಂದಿಗೂ ಅಳಿಸುವುದಿಲ್ಲ. ಅವನು ತುಟಿ ಅಲ್ಲಾಡಿಸುತ್ತ ಓದಿಕೊಂಡ. ಅವನ ಮುಖ ಇಳಿಯುವುದನ್ನು ನಾನು ಪಾಯಸ ಉಂಡ ಹಾಗೆ ಸವಿದೆ.

ಜೊತೆಗೆ ಬಂದಿದ್ದ ಶಿವಲೀಲಾ ಅವನು ಹೋದ ಮೇಲೂ ನಿಂತಿದ್ದಳು. ಅಂಕಪಟ್ಟಿಯ ನಕಲು ಬೇಕಿತ್ತು. ಕೊಟ್ಟೆ.

"ಮೇಡಮ್, ಆ ಶುಕ್ರವಾರ ನಾನೂ ಬಂದಿದ್ದೆ. ಕಂಬದ ಹಿಂದೆ ಇದ್ದೆ," ಎಂದಳು. "ಅಪ್ಪ ನಿಮ್ಮನ್ನ ಕೇಳಿದ್ರು."

ಹೌದು, ಕೇಳಿದ್ದ. ಇಷ್ಟು ಹೊತ್ತು ನಾನು ಹೇಳದೆ ಬಿಟ್ಟದ್ದು ಅದೊಂದೇ. ಬೈದು ಮುಗಿಸಿ, ಸ್ವಲ್ಪ ಹೊತ್ತು ನಿಂತು, ದನಿ ತಗ್ಗಿಸಿ ಕೇಳಿದ್ದ: "ಫೇಲಾದ್ರೆ ಮತ್ತೆ ಬರೆದರಾಯ್ತಲ್ವಾ? ಏನೂ ತೊಂದರೆ ಇಲ್ವಲ್ಲ?" ಒಂದು ವಾಕ್ಯ ಸಾಕಿತ್ತು. ಆ ಗುಂಡಿಗಳನ್ನು ನೋಡುತ್ತ, ನಿನಗೆ ಹೀಗೇ ಆಗಬೇಕು ಎಂದುಕೊಂಡು, "ಎಲ್ಲಾ ನಿಮಗೇ ಗೊತ್ತಲ್ಲ ಸರ್," ಎಂದಿದ್ದೆ. ಅವನ ಸೊಕ್ಕಿಗೆ ಮಾಡಿದ ಶಾಸ್ತಿ ಯಾರ ಹೆಸರಿನ ಮುಂದೆ ಅಚ್ಚಾಗುತ್ತದೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ನೀನಾದರೂ ಕೇಳಬಹುದಿತ್ತಲ್ಲ," ಎಂದೆ. ಅದಕ್ಕಿಂತ ಹೇಸಿಗೆಯ ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ.

"ನೀವಿಬ್ರೂ ದೊಡ್ಡವರು ಅಂದ್ಕೊಂಡಿದ್ದೆ," ಎಂದು ಅವಳು ಹೊರಟಳು.

ಗೇಟಿನ ಬಳಿ ಒಂದು ಮೇಕೆ ಕುಂಟುತ್ತಿತ್ತು. ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕಾಲನ್ನು ಮಡಿಲಿಗೆ ಎಳೆದುಕೊಂಡು, ಗೊರಸಿನ ಸಂದಿಯಲ್ಲಿ ಮುಳ್ಳು ಹುಡುಕತೊಡಗಿದಳು. ಎರಡೂ ಕೈ ಬೇಕಾಗಿದ್ದರಿಂದ ಅಂಕಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು.