ಉಪ್ಪಿನ ದಾರಿ

ಬಿಳಿ ಕಾಲುಚೀಲಗಳನ್ನು ಒಳಮೈ ಹೊರಗೆ ಮಾಡಿ ಮಷೀನಿಗೆ ಹಾಕುತ್ತಿದ್ದೆ. ನಮ್ಮ ಯಜಮಾನರು ಬೇರೆ ಬಣ್ಣದ್ದನ್ನು ಹಾಕುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಸ್ಪರ್ಶ ಹೋಗಿ ಬಹಳ ದಿನವಾಯಿತು. ಗಾಯವಾದರೆ ಅವರಿಗೆ ತಿಳಿಯುವುದಿಲ್ಲ, ಬಟ್ಟೆಯಾದರೂ ಹೇಳಲಿ ಎಂದು ಡಾಕ್ಟರು ಮಾಡಿದ ಏರ್ಪಾಡು ಇದು. ಹೀಗಾಗಿ ಲೊಂಬಾರ್ಡಿನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದೊಂದು ಚೀಲವನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿಯೇ ಒಗೆಯುವುದು ನನ್ನ ರೂಢಿ.

ಅವತ್ತು ಒಂದರ ಹೆಬ್ಬೆರಳಿನ ಕಡೆ ಹಳದಿ ಕಲೆಯಿತ್ತು. ಸಾರು ಚೆಲ್ಲಿಕೊಂಡಿರಬೇಕು ಎಂದು ಸೋಪು ಹಚ್ಚಿ ತಿಕ್ಕಿದೆ. ಹಳದಿ ಕೆಂಪಾಯಿತು. ಸೋಪಿಗೆ ಹಾಗೆ ಕೆಂಪಾಗುವುದು ಅರಿಶಿನ. ಕಾಲುಚೀಲದೊಳಗೆ ಅರಿಶಿನ ಯಾಕೆ ಬಂತು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಷೀನಿನ ಬಾಗಿಲು ತೆರೆದಿಟ್ಟೇ ಮೇಲೆ ಬಂದೆ.

ಅವರು ಅಡಿಗೆಮನೆಯಲ್ಲಿ ನಿಂತು ಬೆನ್ನಿನ ಬ್ಯಾಗಿಗೆ ಜೋಳದ ಹಿಟ್ಟಿನ ಪಾಕೀಟುಗಳನ್ನು ತುಂಬುತ್ತಿದ್ದರು. ಭಾರ ಹೊತ್ತು ಗುಡ್ಡ ಹತ್ತುವ ಅಭ್ಯಾಸ ಶುರುವಾಗಿ ಎರಡು ತಿಂಗಳಾಗಿತ್ತು. ಈ ಊರು ನಮ್ಮ ಕಡೆಯ ಎರೆಹೊಲದಷ್ಟೇ ಸಪಾಟು. ಇರುವುದು ಒಂದೇ ಗುಡ್ಡ. ಅದೂ ಹಿಂದೊಮ್ಮೆ ಸುತ್ತಲಿನ ಊರುಗಳ ಕಸ ಸುರಿದು, ಮೇಲೆ ಮಣ್ಣು ಹರವಿ ಹುಲ್ಲು ಬೆಳೆಸಿದ್ದು. ಅದನ್ನೇ ದಿನಾ ಹತ್ತಿ ಇಳಿದು, ಹತ್ತಿ ಇಳಿದು ಬರುತ್ತಿದ್ದರು.

“ಕಾಲು ತೋರಸ್ರಿ,” ಅಂದೆ.

“ಯಾಕ? ವರಾ ನೋಡಾಕ ಬಂದೀಯೇನು?”

“ತೋರಸ್ರಿ ಅಂದ್ರ ತೋರಸ್ರಿ.”

“ಸಣ್ಣದೊಂದು ಬೊಬ್ಬಿ ಐತಿ. ಅರಿಶಿನ ಹಚ್ಚೀನಿ. ಶ್ರೀಶೈಲಕ್ಕ ನಡಕೋತ ಹೋಗಾಗ ಮತ್ತೇನ್ ಹಚ್ಚತಿದ್ವಿ? ಮಲ್ಲಯ್ಯ ನೋಡ್ಕೋತಾನ ಬಿಡು.”

ಹರೆಯದಲ್ಲಿ ಇವರು ಗುಳೇದಗುಡ್ಡದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಿದ್ದವರು, ಅದೂ ಬರಿಗಾಲಲ್ಲಿ. ಬೊಬ್ಬೆ ಒಡೆದರೆ ಅರಿಶಿನ, ಔಡಲ ಎಣ್ಣೆ ಮೆತ್ತಿ ಮುಂದಿನ ಊರಿಗೆ ಹೊರಡುವುದು. ಬೊಬ್ಬೆ ಏಳದವನು ನಡೆದೇ ಇಲ್ಲ ಎಂದು ಜೊತೆಯವರು ಹಂಗಿಸುತ್ತಿದ್ದರಂತೆ. ಆದರೆ ಆಗ ನೋವು ಅನ್ನುವುದೊಂದಿತ್ತು. ತಡೆಯಲಾರದೆ ಹೋದಾಗ ಅದೇ ಇವರನ್ನು ಮರದ ಕೆಳಗೆ ಕೂರಿಸುತ್ತಿತ್ತು.

ನಾನೇ ಕುಕ್ಕರುಗಾಲಿನಲ್ಲಿ ಕೂತು ಚೀಲ ಕಳಚಿದೆ. ಹೆಬ್ಬೆರಳಿನ ಬುಡದಲ್ಲಿ ಅರಿಶಿನ ಗಟ್ಟಿಯಾಗಿ, ಅದರಡಿ ಗಾಯ ಬಾಯಿಬಿಟ್ಟಿತ್ತು. ಬೂಟಿನೊಳಗೆ ಕೈ ಹಾಕಿದರೆ ಬಟಾಣಿಯಷ್ಟು ದೊಡ್ಡ ಕಲ್ಲು ಸಿಕ್ಕಿತು. ಅದನ್ನು ಮೆಟ್ಟಿಕೊಂಡು ಎಷ್ಟು ಸಲ ಆ ಗುಡ್ಡ ಹತ್ತಿದ್ದರೋ. ಕಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು.

“ಮಗಳಿಗೆ ಹೇಳಬ್ಯಾಡ,” ಅಂದರು.

ಇಷ್ಟಕ್ಕೆಲ್ಲ ಕಾರಣ ಬ್ರೂನೋ. ಮಿಶಿಗನ್ನಿನ ಸ್ಟರ್ಲಿಂಗ್ ಹೈಟ್ಸಿನಲ್ಲಿ ಇವರು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದಾಗ ತಗಡು ಒತ್ತುವ ಪಕ್ಕದ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದವನು. ಇಟಲಿಯ ಕಡೆಯ ಆಲ್ಪ್ಸ್ ಕಣಿವೆಯೊಂದು ಅವನ ಊರು. ಊಟದ ಬಿಡುವಿನಲ್ಲಿ ಇವರು ಕಟಕ ರೊಟ್ಟಿ ಬಿಚ್ಚಿದರೆ ಅವನು ಬಿದ್ದುಬಿದ್ದು ನಕ್ಕನಂತೆ. ಅವನ ಅಜ್ಜಿಯೂ ಚಳಿಗಾಲಕ್ಕೆಂದು ರೊಟ್ಟಿ ಸುಟ್ಟು, ಕಟ್ಟಿಗೆಯಂತಾಗುವವರೆಗೆ ಅಟ್ಟದ ಮೇಲೆ ಒಣಗಿಸುತ್ತಿದ್ದಳಂತೆ. ಅಜ್ಜ ಹೇಸರಗತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಘಟ್ಟ ದಾಟುತ್ತಿದ್ದ. ಕಲ್ಲು ಹಾಸಿದ ಆ ದಾರಿ ಈಗಲೂ ಇದೆ. ಗೊರಸು ಸವೆಸಿದ ಕುಳಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಒಂದಲ್ಲ ಒಂದು ದಿನ ಅಲ್ಲಿ ಇಬ್ಬರೂ ನಡೆಯಬೇಕು ಅನ್ನುವುದು ಪ್ರೆಸ್ಸಿನ ಸದ್ದಿನಲ್ಲಿ ಕೂಗಿ ಕೂಗಿ ಆದ ಮಾತು.

ಆ ಸದ್ದಿಗೆ ಬ್ರೂನೋನ ಕಿವಿ ಹೋಯಿತು. ನಿವೃತ್ತಿಯಾಗಿ ಅವನು ಮೊದಲೇ ಊರಿಗೆ ಮರಳಿದ, ಕೆಲವು ವರ್ಷಗಳ ಮೇಲೆ ನಾವು ಬೋಲಿಂಗ್‌ಬ್ರೂಕಿನಲ್ಲಿರುವ ಮಗಳು ಶ್ರೀಲತಾಗೆ ಹತ್ತಿರವಾಗಲಿ ಎಂದು ಇಲ್ಲಿಗೆ, ಈ ಲೊಂಬಾರ್ಡಿಗೆ ಬಂದೆವು. ಫೋನು ಅವನಿಗೆ ಕೇಳಿಸದು, ಕಂಪ್ಯೂಟರು ಒಗ್ಗದು. ಹೀಗಾಗಿ ಕಾಗದ. ಬರೆಯುವವಳು ನಾನು. ಸ್ಟರ್ಲಿಂಗ್ ಹೈಟ್ಸಿನ ರಾತ್ರಿ ಕ್ಲಾಸಿನಲ್ಲಿ ನಾನು ಇಂಗ್ಲಿಷ್ ಕಲಿಯತೊಡಗಿದಾಗ “ಬ್ರೂನೋಗ ಬರದು ಕೈ ತಿದ್ದಕೋ” ಎಂದು ಇವರು ಒಪ್ಪಿಸಿದ ಕೆಲಸ ನನ್ನಲ್ಲೇ ಉಳಿದಿತ್ತು.

ಮೇ ತಿಂಗಳಲ್ಲಿ ಅವನ ಕಾಗದ ಬಂತು. “ನನ್ನ ಮಂಡಿ ಈ ಬೇಸಿಗೆಯನ್ನು ದಾಟಿಸುತ್ತದೆ, ಮುಂದಿನದರ ಭರವಸೆಯಿಲ್ಲ. ಆಗಸ್ಟ್ ಕೊನೆಗೆ ಬಾ. ಘಟ್ಟದ ನೆತ್ತಿಯ ತಂಗುಮನೆಯಲ್ಲಿ ಇಬ್ಬರಿಗೆ ಮಂಚ ಹೇಳಿದ್ದೇನೆ. ಅಲ್ಲಿಂದ ಒಂದು ಶಿಖರವನ್ನೂ ಹತ್ತೋಣ, ಸುಲಭದ್ದು, ಮುದುಕರಿಗೆ ಆಗುವಂಥದ್ದು. ಸೆಪ್ಟೆಂಬರ್ ದಾಟಿದರೆ ಹಿಮ. ನಿನ್ನ ಉತ್ತರ ಬರುವವರೆಗೆ ನಾನು ಮೇಲೆ ಕಾಲಿಡುವುದಿಲ್ಲ.” ಜೊತೆಗೆ ದಾರಿಯ ಒಂದು ಚಿತ್ರ: ಕೆಳಗೆ ಪ್ರಾರ್ಥನಾ ಮಂದಿರ, ನಡುವೆ ಯುದ್ಧಕಾಲದ ಪಾಳು ಕಾವಲುಮನೆ, ತುದಿಯಲ್ಲಿ ಮೂರು ಶಿಖರ. ಟಿಕೆಟ್ಟಿನ ತಾರೀಕು ಗೊತ್ತಾದ ಮೇಲೆ ಬರೆದರಾಯಿತು ಎಂದು ಉತ್ತರ ಹಿಂದೆ ಬಿತ್ತು. ತಾರೀಕು ಗೊತ್ತಾದ ವಾರವೇ ಈ ಅರಿಶಿನ.

ಶ್ರೀಲತಾಗೆ ನಾನು ಹೇಳಿದೆ. ಅವಳು ಆಫೀಸಿನಿಂದ ನೇರ ಬಂದು ನಮ್ಮನ್ನು ಪಾದದ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರ್ ಮುಯೀನ್ ಹುಬ್ಬಳ್ಳಿಯವರು.

“ಅಂಕಲ್, ಇದೇನ್ ಅಡಿಗಿ ಮಾಡೀರಿ ಕಾಲಾಗ? ಒಗ್ಗರಣಿ ಒಂದ ಬಾಕಿ ಐತಿ.”

“ನಮ್ಮವ್ವನ ಔಷಧ ಅದು. ನಿಮ್ಮ ಕಾಲೇಜಿನ್ಯಾಗ ಕಲಸಂಗಿಲ್ಲ.”

“ನಮ್ಮ ಅಮ್ಮಾನೂ ಇದನ್ನ ಹಚ್ಚತಿದ್ಲ್ರಿ. ಆದ್ರ ಆಕಿ ಕಣ್ಣಿಗೆ ಕಾಣೋ ಗಾಯಕ್ಕ ಹಚ್ಚತಿದ್ಲು. ಇದು ಎಲುಬಿನ ತನಕಾ ಇಳದೈತಿ.”

ಡಾಕ್ಟರು ಮೀನಿನ ಗಾಳದ ದಾರದಂಥ ಒಂದು ಎಳೆ ತೆಗೆದುಕೊಂಡರು. ಇವರಿಗೆ ಕಣ್ಣು ಮುಚ್ಚಲು ಹೇಳಿ, ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಬೇಕು ಅಂದರು. ಎಳೆಯನ್ನು ಪಾದದ ಹತ್ತಿರ ತಂದು ಗಾಳಿಯಲ್ಲಿ ಹಾಗೇ ಹಿಡಿದರು.

“ಹೂಂ,” ಅಂದರು ಇವರು. ಸ್ವಲ್ಪ ಬಿಟ್ಟು ಮತ್ತೆ, ಇನ್ನೂ ಗಟ್ಟಿಯಾಗಿ, “ಹೂಂ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

“ಅಂಕಲ್,” ಎಂದರು ಮೆಲ್ಲಗೆ, “ನಾ ಇನ್ನೂ ಮುಟ್ಟೇ ಇಲ್ರಿ.”

ಮಂಡಿಯವರೆಗೆ ಕಟ್ಟು ಹಾಕಿದರು. ಚಳಿ ಬೀಳುವವರೆಗೆ ಆ ಕಾಲಿನ ಮೇಲೆ ಭಾರ ಬಿಡಬಾರದು. ಬಿಟ್ಟರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ. ಬೆಟ್ಟದ ಮಾತು ಇನ್ನು ಮುಂದೆಯೂ ಬೇಡ ಅಂದರು.

ಕಾರಿನಲ್ಲಿ ಶ್ರೀಲತಾ, “ಅಪ್ಪಾ, ನಾನು ಟಿಕೆಟ್ ಕ್ಯಾನ್ಸಲ್ ಮಾಡ್ತಿದೀನಿ. ಪ್ಲೀಸ್, ಆರ್ಗ್ಯೂ ಮಾಡ್ಬೇಡಿ,” ಅಂದಳು.

“ಮಾಡ್ಕೋ. ಬ್ರೂನೋಗ ಮಾತ್ರ ಯಾರೂ ಬರೀಬ್ಯಾಡ್ರಿ.”

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಪಾತ್ರೆ ತೊಳೆದು ಕೈ ಒರೆಸಿಕೊಂಡು ಮೇಜಿಗೆ ಕೂರುತ್ತಿದ್ದೆ. ‘ಪ್ರಿಯ ಬ್ರೂನೋ’ ಎಂದು ಬರೆಯುವಷ್ಟರಲ್ಲಿ ಕಿಟಕಿಯ ಕುರ್ಚಿಯಿಂದ, “ಇನ್ನೊಂದು ವಾರ ತಡಿ.” ಹೀಗೇ ಆಗಸ್ಟ್ ಬಂತು, ಅರ್ಧ ಕಳೆಯಿತು.

“ಅಂವಾ ಅಲ್ಲಿ ಬೂಟ್ ಕಟ್ಕೊಂಡು ಕುಂತಾನ್ರೀ,” ಅಂದೆ ಒಂದು ದಿನ.

“ಕುಂದರ್ಲಿ. ನಾ ಅವನ ಸಲುವಾಗಿ ಹೊರಗ ಸ್ನೋದಾಗ ತಾಸುಗಟ್ಟಲೆ ನಿಂತೀನಿ, ಅವನ ಕಾರು ಚಾಲೂ ಆಗ್ಲಿಲ್ಲಂತ.”

ಬೈದರೆ ಬೆಪ್ಪಾಗಿ ನಗುತ್ತಾರೆ. ಸುಮ್ಮನಿದ್ದರೆ ಒಪ್ಪಿದೆ ಅಂದುಕೊಳ್ಳುತ್ತಾರೆ. ಬರೆದರೆ ಇವರ ಬೆಟ್ಟವನ್ನು ನಾನೇ ಕಿತ್ತುಕೊಂಡಂತೆ. ಬರೆಯದಿದ್ದರೆ ಆ ಕಿವುಡ ಮುದುಕನ ಕೊನೆಯ ಬೇಸಿಗೆ ಸುಮ್ಮನೆ ಸೋರಿಹೋಗುತ್ತದೆ. ಕಾಗದ ಮಡಿಸಿ ಡ್ರಾಯರಿಗೆ ಹಾಕುತ್ತಿದ್ದೆ.

ಆಗಸ್ಟಿನ ಕೊನೆಯಲ್ಲಿ ಒಂದು ಮಧ್ಯಾಹ್ನ ಪಕ್ಕದ ಕಟ್ಟಡದ ಖಲೀದಾರ ಮನೆಗೆ ಕೊತ್ತಂಬರಿ ಕೊಟ್ಟು ಬಂದೆ. ನಮ್ಮ ಬಾಗಿಲು ತೆರೆದಿತ್ತು. ಊರುಗೋಲುಗಳು ಮೆಟ್ಟಿಲ ಬುಡದಲ್ಲಿ ಬಿದ್ದಿದ್ದವು. ಮೇಲಿನ ಮಹಡಿಗೆ ಹೋಗುವ ಮೆಟ್ಟಿಲುಗಳ ನಡುಮಧ್ಯೆ ಇವರು ಕಟಾಂಜನ ಹಿಡಿದು ಕೂತಿದ್ದರು. ಬೆನ್ನಿಗೆ ಬ್ಯಾಗಿತ್ತು.

“ಏರಿದೆ ನೋಡು,” ಅಂದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. “ಇಳಿಯಾಕಽ ಆಗವಲ್ದು. ಮೆಟ್ಟಲಾ ಎಲ್ಲಿ ಐತಿ ಅಂತ ಕಾಲಿಗೆ ಗೊತ್ತಾಗವಲ್ದು.”

ರಟ್ಟೆ ಹಿಡಿದು ಎತ್ತಲು ನೋಡಿದೆ. ಅವರು ಅಲುಗಲಿಲ್ಲ, ನಾನೇ ವಾಲಿದೆ. ಇನ್ನೊಮ್ಮೆ ಎತ್ತಿದ್ದರೆ ಇಬ್ಬರೂ ಉರುಳುತ್ತಿದ್ದೆವು. ಬ್ಯಾಗು ಕಳಚಿ ಬದಿಗಿಟ್ಟು ಪಕ್ಕದಲ್ಲಿ ಕೂತೆ. ಆ ಹೊತ್ತಿಗೆ ಕಟ್ಟಡದವರೆಲ್ಲ ಕೆಲಸಕ್ಕೆ ಹೋಗಿರುತ್ತಾರೆ. ಫೋನು ಮಾಡಲು ಒಳಗೆ ಹೋದರೆ ಇವರು ಒಬ್ಬರೇ ಇಳಿಯಲು ನೋಡುತ್ತಾರೆ. ಯಾರಾದರೂ ಬರುವವರೆಗೆ ಕೂರಬೇಕು, ಅಷ್ಟೇ.

ಅವರು, “ಬ್ರೂನೋನ ಊರಾಗ ಈಗ ಹುಲ್ಲು ಕೊಯ್ದಿರ್ತಾರ?” ಅಂದರು.

“ಕೊಯ್ದು ಒಟ್ಟಿರ್ತಾರ.”

“ಅವನ ಮಂಡಿ ಬ್ಯಾರೆ ಕೆಟ್ಟೈತಿ.”

“ಹೂಂ.”

“ಒಬ್ಬನಽ ಹೋಗ್ತಾನಂತೀ?”

“ನೀವು ಹೋಗಂದ್ರ ಹೋಗ್ತಾನ. ಇಲ್ಲಾಂದ್ರ ಅಂವಾ ಏಳಂಗಿಲ್ಲ.”

ಅವರು ಕಟ್ಟು ಹಾಕಿದ ಕಾಲನ್ನು, ಅದು ಯಾರದೋ ಎಂಬಂತೆ, ಎರಡೂ ಕೈಯಿಂದ ಎತ್ತಿ ಆಚೆ ಸರಿಸಿದರು. ಸಂಜೆಗೆ ಮೇಲಿನ ಮನೆಯ ಗಂಡಸು ಕೆಲಸ ಮುಗಿಸಿ ಬಂದು ಅವರನ್ನು ಅನಾಮತ್ತಾಗಿ ಎತ್ತಿ ಒಳಗೆ ಕೂರಿಸಿಹೋದ. ನಾನು ನೀರು ಕೊಟ್ಟೆ. ಲೋಟ ಹಿಂತಿರುಗಿಸುವಾಗ, “ಬರಿ,” ಅಂದರು.

“ಏನಂತ ಬರೀಲಿ?”

“ನಿಂಗ ತಿಳಿದಂಗ ಬರಿ. ನಂಗ ಓದಿ ಹೇಳಬ್ಯಾಡ.”

ನಾನು ಬರೆದೆ. ‘ಪ್ರಿಯ ಬ್ರೂನೋ, ಇವರ ಕಾಲು ಕೆಟ್ಟಿದೆ. ಈ ವರ್ಷ ಬರುವುದಿಲ್ಲ. ಮುಂದಿನ ವರ್ಷ ಎಂದೂ ನಾನು ಬರೆಯಲಾರೆ. ತಡವಾಗಿ ತಿಳಿಸುತ್ತಿದ್ದೇವೆ, ಅಲ್ಲಿ ಹಿಮ ಬಿದ್ದಿರದಿದ್ದರೆ ನೀವು ಹೊರಡಿ. ಕಾಯಬೇಡಿ.’ ಕೆಳಗೆ ಸಹಿಗೆಂದು ಪೆನ್ನು ಚಾಚಿದರೆ ಅವರು ಕಿಟಕಿಯ ಕಡೆ ತಿರುಗಿದ್ದರು. ಇಬ್ಬರ ಹೆಸರನ್ನೂ ನಾನೇ ಹಾಕಿದೆ.

ಮರುದಿನ ಬೆಳಿಗ್ಗೆ ಅಂಚೆ ಕಚೇರಿಗೆ ನಡೆದು ಹೋಗಿ ಪರದೇಶದ ಸ್ಟಾಂಪು ಹಚ್ಚಿಸಿದೆ. ಎಷ್ಟು ದಿನಕ್ಕೆ ಮುಟ್ಟುತ್ತದೆ ಎಂದು ಕೇಳಿದರೆ ಕೌಂಟರಿನ ಹೆಂಗಸು ಭುಜ ಹಾರಿಸಿದಳು. ಹೊರಗಿನ ನೀಲಿ ಡಬ್ಬಿಯ ಬಾಯಿ ತೆರೆದು ಕಾಗದ ಒಳಗೆ ಬಿಟ್ಟೆ. ಬಿತ್ತೋ ಅಂಚಿಗೇ ಸಿಕ್ಕಿಕೊಂಡಿತೋ ಎಂದು ಮುಚ್ಚಳವನ್ನು ಇನ್ನೊಮ್ಮೆ ಎಳೆದು ನೋಡಿದೆ. ಬಿದ್ದಿತ್ತು.