ಹೊಸ ಅಳಿಯನ ಮರುಭೂಮಿ

ಈಗ ಹೇಳಿಬಿಟ್ಟರೆ? ಒಂದೇ ಮಾತು. ನಾನು ಹಾಗೆ ಹೇಳಿದ್ದಲ್ಲ ಎಂದರೆ ಮುಗಿಯಿತು. ಆದರೆ ಮತ್ತೆ ಹೇಗೆ ಹೇಳಿದ್ದು ಎಂದು ಮಾವ ಕೇಳಿದರೆ? ಮಾವ ಕೇಳದಿದ್ದರೂ ಬಾಗಿಲ ಮರೆಯಲ್ಲಿ ನಿಂತಿರುವ ಅತ್ತೆ ಕೇಳುತ್ತಾರೆ. ಅವರು ಕೇಳಿದರೆ ನಿಜ ಹೇಳಬೇಕು. ನಿಜ ಹೇಳುವುದಕ್ಕಿಂತ ಮರುಭೂಮಿಗೆ ಹೋಗಿ ಬರುವುದೇ ಸುಲಭವಲ್ಲವೇ?

ಶುಕೂರ್ ಹೀಗೆ ಯೋಚಿಸುತ್ತಾ ಕೂತಿದ್ದಾಗ ಅವನೆದುರಿನ ಚಾಪೆಯ ಮೇಲೆ ಹಿಂದೂಸ್ಥಾನದ ನಕ್ಷೆ ತಯಾರಾಗುತ್ತಿತ್ತು.

ನಕ್ಷೆ ಮಾಡುತ್ತಿದ್ದವರು ಕುಂಞಿ ಮೋನು. ಶುಕೂರ್‌ನ ಹೆಂಡತಿ ಮುನೀರಾಳ ಸೋದರಮಾವ. ಹಿಂದೊಮ್ಮೆ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸ ಮಾಡಿ ಬಂದದ್ದರಿಂದ, ಪುತ್ತೂರಿನ ದರ್ಬೆಯಿಂದ ಆಚೆಗಿನ ಲೋಕದ ವಿಷಯದಲ್ಲಿ ಆ ಮನೆಯಲ್ಲಿ ಅವರ ಮಾತೇ ಕೊನೆಯದು. ವೀಳ್ಯದ ಹರಿವಾಣವನ್ನು ಚಾಪೆಗೆ ಕವುಚಿ ಒಂದೊಂದೇ ಊರನ್ನು ಇಡುತ್ತಿದ್ದರು.

"ಇದು ಪುತ್ತೂರು. ಅಡಕೆ ಕತ್ತರಿ. ಇಲ್ಲಿಂದ ಘಾಟಿ ಹತ್ತುದು. ಈ ಹೊಗೆಸೊಪ್ಪು ಹುಬ್ಬಳ್ಳಿ. ಈ ಅಡಕೆ ಹೋಳು ಪುಣೆ. ಸುಣ್ಣದ ಡಬ್ಬಿ ಬೊಂಬಾಯಿ. ಅಲ್ಲಿಂದ ಮೇಲೆ ಹೋದ್ರೆ ಈ ವೀಳ್ಯದೆಲೆ ಪೂರಾ ಮರುಭೂಮಿ."

"ಇಷ್ಟು ಹಸಿರುಂಟಾ ಅಲ್ಲಿ?" ಎಂದು ಕೇಳಿದರು ಮಾವ ಅದ್ರಾಮ. ದರ್ಬೆಯ ರಸ್ತೆ ಬದಿಯಲ್ಲಿ ಒಣಮೀನಿನ ಅಂಗಡಿ ಇಟ್ಟುಕೊಂಡಿದ್ದ ಅವರಿಗೆ ಕಣ್ಣಿಗೆ ಕಂಡದ್ದರ ಮೇಲೆಯೇ ನಂಬಿಕೆ.

"ಲೆಕ್ಕಕ್ಕೆ ಇಟ್ಟದ್ದು ಭಾವ."

ಅಷ್ಟರಲ್ಲಿ ಅಜ್ಜಿ ಅಲೀಮಮ್ಮ ಕೈ ಚಾಚಿ ಪುಣೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

"ಅಜ್ಜೀ, ಪುಣೆ ಹೋಯ್ತು! ಇನ್ನು ಬೊಂಬಾಯಿಗೆ ಹೇಗೆ ಹೋಗುದು?" ಎಂದು ಕುಂಞಿ ಮೋನು ಕೂಗಿದರು.

"ಹುಬ್ಬಳ್ಳಿಯಿಂದ ನೇರ ಹೋಗು," ಎಂದು ಅಜ್ಜಿ ಅಗಿಯುತ್ತಾ ಹೇಳಿ ಮರುಭೂಮಿಯ ಮೇಲೆ ಕಣ್ಣಿಟ್ಟರು.

ಶುಕೂರ್ ಸುಮ್ಮನಿದ್ದ. ಅವನು ಸುಮ್ಮನಿದ್ದದ್ದೇ ಇಷ್ಟಕ್ಕೆಲ್ಲ ಮೂಲ.

ಕೋಡಿಂಬಾಳದ ಕಡೆಯ ಶುಕೂರ್ ಮಂಗಳೂರಿನಲ್ಲಿ ಓದಿ ಬಿ.ಎ. ಪಾಸು ಮಾಡಿ ಸುಳ್ಯದ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದ. ಮಾತು ಕಡಿಮೆ. ಒಂದು ವಾಕ್ಯ ಹೇಳುವ ಮೊದಲು ಅದರ ನಾಲ್ಕೂ ಮಗ್ಗುಲು ನೋಡುವವನು. ನೋಡಿ ಮುಗಿಯುವಾಗ ಎದುರಿನವರು ಎದ್ದು ಹೋಗಿರುತ್ತಿದ್ದರು. ಅಂಥವನು ಆ ವರ್ಷ, ಅಂದರೆ ಅರವತ್ತಮೂರರ ಬೇಸಗೆ ರಜೆಯಲ್ಲಿ, ಹೊಸ ಅಳಿಯನಾಗಿ ಹೆಂಡತಿಯ ಮನೆಗೆ ಬಂದು ಉಳಿದಿದ್ದ. ಬ್ಯಾರಿಗಳ ಮನೆಯಲ್ಲಿ ಹೊಸ ಅಳಿಯ ಎಂದರೆ, ಅವರ ಮಾತಿನಲ್ಲಿ ಪುದಿಯಾಪ್ಲೆ ಎಂದರೆ, ಸಣ್ಣ ಸಂಗತಿಯಲ್ಲ. ಅವನು ಬಾಯಿಬಿಟ್ಟು ಏನನ್ನೂ ಕೇಳಬಾರದು. ಕೇಳುವ ಹಾಗೆ ಆದರೆ ಅದು ಮನೆಯವರಿಗೆ ಅವಮಾನ. ಆದ್ದರಿಂದ ಮನೆಯವರೆಲ್ಲ ಅವನ ಕಣ್ಣು ಎತ್ತ ಹೋಗುತ್ತದೆಂದು ಕಾಯುತ್ತಿದ್ದರು. ಬಂದ ದಿನ ಹುರಿದ ಬಂಗುಡೆ ಮೀನನ್ನು ಪೂರ್ತಿ ತಿಂದ. ಅಂದಿನಿಂದ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬಂಗುಡೆ. ಒಮ್ಮೆ ಚಾವಡಿಯ ಗೋಡೆ ಗಡಿಯಾರವನ್ನು ಸ್ವಲ್ಪ ಹೊತ್ತು ನೋಡಿದ. ಸಂಜೆಯೊಳಗೆ ಅದು ಅವನ ಮಲಗುವ ಕೋಣೆಗೆ ಬಂತು. ಗಂಟೆ ಗಂಟೆಗೂ ಬಡಿದು, ಅರ್ಧ ಗಂಟೆಗೆ ಒಮ್ಮೆ ಕೆಮ್ಮುವ ಗಡಿಯಾರ ಅದು.

ಇಷ್ಟೆಲ್ಲ ಉಪಚಾರದ ನಡುವೆ ಅವನಿಗೆ ಸಿಗದೆ ಉಳಿದ ಒಂದೇ ಒಂದು ವಸ್ತು ಮುನೀರಾ. ಮಡಿಸಿದ ವಸ್ತ್ರ ಹಿಡಿದುಕೊಂಡು ಒಬ್ಬರು, ಎಳನೀರು ಹಿಡಿದುಕೊಂಡು ಇನ್ನೊಬ್ಬರು, ಬೀಸಣಿಗೆ ಹಿಡಿದು ಮತ್ತೊಬ್ಬರು. ಹಗಲಿನಲ್ಲಿ ಗಂಡ ಹೆಂಡತಿ ಎದುರೆದುರು ಕೂತು ನಾಲ್ಕು ಮಾತಾಡಲು ಆ ಮನೆಯಲ್ಲಿ ಒಂದು ಮೂಲೆ ಖಾಲಿ ಇರಲಿಲ್ಲ. ಒಂದು ಸಂಜೆ ಹೇಗೋ ಅವಳೇ ಚಹಾ ತಂದಳು. ಸುತ್ತ ಯಾರೂ ಇರಲಿಲ್ಲ.

"ಯಾವಾಗ ನೋಡಿದ್ರೂ ಯೋಚನೆ. ಎಂತ ಯೋಚನೆ ಮಾಡುದು ನೀವು?" ಎಂದು ಕೇಳಿದಳು.

ಶುಕೂರ್ ವಾಕ್ಯವನ್ನು ಜೋಡಿಸಿದ. ಮನುಷ್ಯರೇ ಇಲ್ಲದ ಒಂದು ಜಾಗ, ಮರುಭೂಮಿಯ ಹಾಗೆ, ಅಲ್ಲಿ ನಾವಿಬ್ಬರೇ ಇದ್ದರೆ ಎಷ್ಟು ಚೆನ್ನ. ಅದೇ ವಾಕ್ಯ. "ಮರುಭೂಮಿ..." ಎಂದು ಶುರು ಮಾಡಿದ. ಆಗ ಬಾಗಿಲ ಹಿಂದೆ ಬಳೆ ಸದ್ದಾಯಿತು. ಅತ್ತೆ ರುಖಿಯಮ್ಮ ಅಳಿಯನ ಎದುರು ಬರುವವರಲ್ಲ. ಬಾಗಿಲ ಮರೆಯಿಂದಲೇ ತಿಂಡಿಯ ತಟ್ಟೆಯನ್ನು ಒಳಗೆ ನೂಕಿದರು. ವಾಕ್ಯದ ಉಳಿದ ಭಾಗ ತಿಂಡಿಯ ಜೊತೆ ಹೊಟ್ಟೆಗೆ ಹೋಯಿತು.

ಮರುದಿನ ಬೆಳಗ್ಗೆ ಇಡೀ ಮನೆಗೆ ಗೊತ್ತಾಗಿತ್ತು. ಪುದಿಯಾಪ್ಲೆಗೆ ಮರುಭೂಮಿ ಬೇಕಂತೆ.

ಗಡಿಯಾರವನ್ನು ಎತ್ತಿ ತಂದ ಹಾಗೆ ಮರುಭೂಮಿಯನ್ನು ತರಲು ಆಗುವುದಿಲ್ಲವಷ್ಟೆ. ಅದ್ರಾಮ ಕಿಟ್ಟಣ್ಣನ ಬಾಡಿಗೆ ಕಾರನ್ನು ಗೊತ್ತುಮಾಡಿದರು. ಅಳಿಯನ ನೆಪದಲ್ಲಿ ಮನೆಯವರೆಲ್ಲ ಹೋಗುವುದೆಂದಾಯಿತು. ಸಾಯುವ ಮೊದಲು ಒಮ್ಮೆ ಒಂಟೆ ನೋಡಬೇಕೆಂದು ಅಲೀಮಮ್ಮ ಮೊದಲೇ ಹೊರಟು ಕೂತರು.

ಈಗ ಚಾಪೆಯ ಮೇಲಿನ ಮರುಭೂಮಿಗೆ ಅಜ್ಜಿ ಸುಣ್ಣ ಹಚ್ಚುತ್ತಿದ್ದಾಗ ರುಖಿಯಮ್ಮ ಬಾಗಿಲ ಮರೆಯಿಂದ ಕೇಳಿದರು:

"ಮುನೀರಾ, ಅವರತ್ರ ಕೇಳು. ಅಲ್ಲಿ ಮಳೆ ಯಾವಾಗ ಶುರು?"

ಇದು ಭೂಗೋಳದ ಪ್ರಶ್ನೆ. ಶುಕೂರ್ ಉತ್ತರಿಸಿದ. "ಅಲ್ಲಿ ಮಳೆಯೇ ಇಲ್ಲ ಅಂತ ಹೇಳಬಹುದು. ವರ್ಷವಿಡೀ ಬಿಸಿಲು."

ಬಾಗಿಲ ಮರೆಯಿಂದ ನಿಟ್ಟುಸಿರೊಂದು ಬಂತು.

"ವರ್ಷವಿಡೀ! ಅಷ್ಟು ಬಿಸಿಲನ್ನು ಎಂತ ಮಾಡ್ತಾರೆ ಅವರು?"

ಆ ನಿಟ್ಟುಸಿರಿಗೆ ಕಾರಣವಿತ್ತು. ಆ ಮೇ ತಿಂಗಳಲ್ಲಿ ಪುತ್ತೂರಿನ ಹೆಂಗಸರು ಹಲಸಿನಕಾಯಿ ಹಪ್ಪಳ ಮಾಡಿ ಅಂಗಳದಲ್ಲಿ ಹರಡಿದ್ದೇ ತಡ, ಮಧ್ಯಾಹ್ನ ಕಳೆಯುವಾಗ ಮೋಡ ಕವಿದು ಮಳೆ ಸುರಿಯುತ್ತಿತ್ತು. ಒಮ್ಮೆ ಹರಡು, ಒಮ್ಮೆ ಓಡು, ಚಾಪೆ ಎಳೆ, ಮತ್ತೆ ಹರಡು. ಮಳೆಗಾಲ ಹೊಸಿಲಿಗೆ ಬಂದು ನಿಂತಿದೆ. ಹಪ್ಪಳ ಇನ್ನೂ ಒದ್ದೆ ಬಟ್ಟೆಯ ಹಾಗೆ ಬಾಗುತ್ತಿದೆ.

"ಅಲ್ಲಿ ಬಿಸಿಲು ಸುಮ್ಮನೆ ಹಾಳಾಗ್ತಾ ಉಂಟು," ಎಂದರು ರುಖಿಯಮ್ಮ. "ಹೇಗೂ ಹೋಗುದಲ್ವಾ? ಹಪ್ಪಳ ತಗೊಂಡು ಹೋಗುವ."

ಕುಂಞಿ ಮೋನು ನಕ್ಕರು. ಅದ್ರಾಮ ನಗಲಿಲ್ಲ. ಅವರ ಅಂಗಡಿಯಲ್ಲಿಯೂ ಒಂದಿಷ್ಟು ಮೀನು ಮಳೆಗೆ ನೆನೆದು, ಒಣಮೀನೆಂದು ಹೇಳಿ ಮಾರಲು ನಾಚಿಕೆಯಾಗುವ ಸ್ಥಿತಿಯಲ್ಲಿತ್ತು.

"ಅದು ಸರಿಯಾದ ಮಾತು," ಎಂದರು ಅವರು.

ಸುದ್ದಿ ಬೇಲಿ ಹಾರಿತು. ಪಕ್ಕದ ಮನೆಯ ಸೇವಂತಿ ಬೇಯಿಸಿದ ಹಲಸಿನ ಬೀಜದ ಮೂಟೆ ಹೊತ್ತು ತಂದಳು. "ರುಖಿಯಕ್ಕಾ, ನಿಮ್ಮ ಹಪ್ಪಳದ ಬದಿಯಲ್ಲಿ ಇದನ್ನೂ ಸ್ವಲ್ಪ ಹರಡಿ ಬಿಡಿ ಮಾರಾಯ್ರೆ. ನನ್ನ ಅಂಗಳಕ್ಕೆ ಬಿಸಿಲು ಬರುದೇ ಇಲ್ಲ. ಬಂದ್ರೂ ನಿಲ್ಲುದಿಲ್ಲ." ಆಚೆ ಮನೆಯಿಂದ ಪುನರ್ಪುಳಿ ಹಣ್ಣಿನ ಹುಳಿ ಸಿಪ್ಪೆ ಬಂತು. ಈಚೆ ಮನೆಯಿಂದ ಮಗು ದಿನಾ ನೆನೆಸುವ ಹಾಸಿಗೆ ಬಂತು. ಯಾರಿಗೂ ಇಲ್ಲವೆನ್ನಲು ಆಗಲಿಲ್ಲ, ನಂಬಿ ಕೊಟ್ಟದ್ದು. ಹೊರಡುವ ದಿನ ಕೇಳಲು ಬಂದ ಕಿಟ್ಟಣ್ಣನೂ ತಲೆ ಕೆರೆದುಕೊಂಡು ಅದ್ರಾಮರ ಹತ್ತಿರ ಗುಟ್ಟಾಗಿ ಹೇಳಿದ:

"ನನ್ನ ಹಿಂದಿನ ಸೀಟು ಹೋದ ಮಳೆಗಾಲದಲ್ಲಿ ಒದ್ದೆ ಆದದ್ದು ಸಾಹುಕಾರ್ರೆ, ಇನ್ನೂ ಒಣಗಿಲ್ಲ. ಅಲ್ಲಿ ಹೋದ ಮೇಲೆ ಕಳಚಿ ಇಟ್ರೆ ಆಗ್ತದಾ?"

ಶುಕೂರ್‌ಗೆ ಪ್ರತಿದಿನವೂ ಹೇಳಿಬಿಡಬೇಕೆನಿಸುತ್ತಿತ್ತು. ಆದರೆ ಬಂಗುಡೆಯ ವಿಷಯವನ್ನೇ ಹೇಳಲಾಗದವನು ಮರುಭೂಮಿಯ ವಿಷಯ ಹೇಗೆ ಹೇಳಿಯಾನು? ಹೇಳಿದರೆ ತಾನು ಸುಳ್ಳುಗಾರ, ಹೆಂಡತಿಯ ಜೊತೆ ಏಕಾಂತಕ್ಕೆ ಹಂಬಲಿಸುವ ನಾಚಿಕೆಗೆಟ್ಟವನು. ಹೇಳದಿದ್ದರೆ ವಾರಗಟ್ಟಲೆ ಒಂದೇ ಕಾರಿನಲ್ಲಿ, ಒಣಮೀನಿನ ಜೊತೆ, ಇಡೀ ಮಾವನ ಮನೆಯ ನಡುವೆ. ಕಾರಿನಲ್ಲಿ ಮುನೀರಾಳಿಗೆ ಹಿಂದೆ ಅಜ್ಜಿಯ ಪಕ್ಕ, ತನಗೆ ಮುಂದೆ ಕುಂಞಿ ಮೋನು ಅವರ ಪಕ್ಕ ಜಾಗ ಎಂದು ಗೊತ್ತಾದ ದಿನ ಅವನು ಬಂಗುಡೆಯನ್ನು ಅರ್ಧಕ್ಕೇ ಬಿಟ್ಟ. ರಾತ್ರಿ ಊಟಕ್ಕೆ ಬೂತಾಯಿ ಮೀನು ಬಂತು.

ಹೊರಡುವ ಬೆಳಗು. ಅಂಗಳದಲ್ಲಿ ಕಾರು ನಿಂತಿದೆಯೋ ಕೂತಿದೆಯೋ ಹೇಳುವಂತಿರಲಿಲ್ಲ. ಮೇಲೆ ಸುತ್ತಿಟ್ಟ ಚಾಪೆಗಳು, ಹಪ್ಪಳದ ಬುಟ್ಟಿಗಳು, ಹಾಸಿಗೆ. ಮರುಭೂಮಿಯ ಬಾವಿ ಆಳವಿರಬಹುದೆಂದು ಅಲೀಮಮ್ಮ ಕಟ್ಟಿಸಿದ ಹಗ್ಗದ ಸುರುಳಿ ಮತ್ತು ಕೊಡಪಾನ. ಡಿಕ್ಕಿಯಲ್ಲಿ ಮೀನು. ಎಲ್ಲರೂ ಹೊಸ ಬಟ್ಟೆಯಲ್ಲಿ ಹತ್ತಿ ಕೂತರು. ಕಿಟ್ಟಣ್ಣ ಕಾರಿಗೆ ಒಂದು ಸುತ್ತು ಬಂದು ಚಕ್ರಗಳನ್ನು ನೋಡಿ ತಲೆಯಾಡಿಸಿದ.

"ಆಗ್ಲಿಕ್ಕಿಲ್ಲ ಸಾಹುಕಾರ್ರೆ. ಹೀಗೆ ಹೋದ್ರೆ ಘಾಟಿಯಲ್ಲ, ನಿಮ್ಮ ಗೇಟಿನ ಕಟ್ಟೆಯೂ ದಾಟುದಿಲ್ಲ. ಇಬ್ಬರು ಇಳಿಯಬೇಕು. ಇಲ್ಲದಿದ್ರೆ ಸಾಮಾನು ಇಳಿಯಬೇಕು."

"ಸಾಮಾನು ಇಳಿಸುದು ಹೇಗೆ?" ಎಂದರು ರುಖಿಯಮ್ಮ ಸೆರಗಿನ ಮರೆಯಿಂದ. "ನೆರೆಯವರು ನಂಬಿ ಕೊಟ್ಟದ್ದು."

"ನಾನು ಇಳೀತೇನೆ," ಎಂದರು ಅದ್ರಾಮ, ಇಳಿಯದೆ. "ಆದ್ರೆ ಮೀನು ಯಾರು ನೋಡುದು?"

"ನಾನು ಇಳಿದೆ ಅಂತಲೇ ತಿಳ್ಕೊಳ್ಳಿ," ಎಂದರು ಕುಂಞಿ ಮೋನು. "ಆದ್ರೆ ಬೊಂಬಾಯಿಯಲ್ಲಿ ದಾರಿ ಕೇಳ್ಲಿಕ್ಕೆ ನಿಮ್ಗೆ ಯಾರಿಗೆ ಹಿಂದೂಸ್ಥಾನಿ ಬರ್ತದೆ?"

ರುಖಿಯಮ್ಮ ಇಳಿದರೆ ಹಪ್ಪಳ ಮಗುಚುವವರಿಲ್ಲ. ಕಿಟ್ಟಣ್ಣ ಇಳಿದರೆ ಕಾರು ಬಿಡುವವರಿಲ್ಲ. ಅಲೀಮಮ್ಮನಿಗೆ ಇಳಿಯಿರಿ ಎನ್ನುವ ಧೈರ್ಯ ಯಾರಿಗೂ ಇಲ್ಲ. ಅವರು ಕಣ್ಣು ಮುಚ್ಚಿ ಆಗಲೇ ನಿದ್ದೆ ಹೋದವರಂತೆ ಕೂತಿದ್ದರು.

ಈಗ ಹೇಳಬೇಕೇ? ಶುಕೂರ್ ವಾಕ್ಯದ ಒಂದು ಮಗ್ಗುಲು ನೋಡಿದ. ಎರಡನೆಯದನ್ನು ನೋಡಲು ಹೋಗಲಿಲ್ಲ. ಬಾಗಿಲು ತೆಗೆದು ಇಳಿದ, ಮೇಲಿನಿಂದ ತನ್ನ ಟ್ರಂಕನ್ನು ಎಳೆದು ಅಂಗಳದಲ್ಲಿಟ್ಟು, ತಲೆ ತಗ್ಗಿಸಿ ನಿಂತ.

ಕಾರಿನೊಳಗೆ ಎಲ್ಲರ ಕಣ್ಣೂ ಮಂಜಾಯಿತು.

"ನೋಡಿದ್ರಾ?" ಎಂದರು ಅದ್ರಾಮ. "ಅವರದೇ ಆಸೆ. ನಮಗೋಸ್ಕರ ಬಿಟ್ಟು ಕೊಟ್ರು. ಓದಿದವರು ಅಂದ್ರೆ ಹೀಗೆ."

"ಅವರಿಗೆ ಅಡಿಗೆ ಯಾರು ಮಾಡುದು?" ಎಂದು ರುಖಿಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಮುನೀರಾ ತನ್ನ ಬಟ್ಟೆಯ ಗಂಟಿನ ಸಮೇತ ಅಂಗಳದಲ್ಲಿದ್ದಳು. ಅವಳು ಯಾವಾಗ ಇಳಿದಳೆಂದು ಯಾರೂ ನೋಡಲಿಲ್ಲ.

ಕಾರು ಕೆಮ್ಮಿ, ಗೇಟಿನ ಕಟ್ಟೆ ದಾಟಿ, ಮೀನಿನ ವಾಸನೆಯನ್ನು ಸ್ವಲ್ಪ ಹೊತ್ತು ನೆನಪಿಗೆಂದು ಬಿಟ್ಟು ಹೋಯಿತು.

ಮನೆ ಖಾಲಿಯಾಯಿತು. ಇಬ್ಬರೂ ಚಾವಡಿಯಲ್ಲಿ ಕೂತರು. ಇಷ್ಟು ದಿನ ಕೂಡಿಟ್ಟ ಮಾತೆಲ್ಲ ಎಲ್ಲಿಗೆ ಹೋಯಿತೋ ಶುಕೂರ್‌ಗೆ ತಿಳಿಯಲಿಲ್ಲ. ಮಧ್ಯಾಹ್ನ ಕಳೆಯುವಾಗ ಎಂದಿನಂತೆ ಮೋಡ ಕವಿಯಿತು. ಮುನೀರಾ ಅಭ್ಯಾಸದಂತೆ ಎದ್ದು ಅಂಗಳಕ್ಕೆ ಓಡಿ, ಅರ್ಧದಲ್ಲಿ ನಿಂತಳು. ಎಳೆಯಲು ಚಾಪೆಯಿರಲಿಲ್ಲ. ಮಳೆ ಬಿತ್ತು, ಯಾರೂ ಓಡಲಿಲ್ಲ, ಯಾರೂ ಕೂಗಲಿಲ್ಲ. ಅವಳು ಒದ್ದೆ ಕಾಲಿನಲ್ಲಿ ಬಂದು ಅವನ ಪಕ್ಕ ಕೂತಳು.

"ಮರುಭೂಮಿ ಹೀಗೇ ಇರ್ತದಾ?"

ಶುಕೂರ್ ಯೋಚಿಸಿದ. "ಇದಕ್ಕಿಂತ ಸ್ವಲ್ಪ ಗಲಾಟೆ ಇರಬಹುದು," ಎಂದ.

ಅವಳು ನಕ್ಕಳು. ಅವಳ ನಗು ಇಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಮಾತು ಬಂತು. ಸಂಜೆ ಬಂಗುಡೆ ಬೇಡ ಎಂಬ ಮಾತೂ ಬಂತು. ಕೋಣೆಯ ಗಡಿಯಾರವನ್ನು ಇಬ್ಬರೂ ಸೇರಿ ಚಾವಡಿಗೆ ಹೊತ್ತು ಹಾಕಿದರು.

ವಾರಗಟ್ಟಲೆ ತಿರುಗಲು ಹೋದವರು ಒಂದು ವಾರ ತುಂಬುವ ಮೊದಲೇ ತಿರುಗಿ ಬಂದರು. ಎಲ್ಲರೂ ಸುಟ್ಟು ಕಪ್ಪಾಗಿದ್ದರು. ಹಪ್ಪಳ ಮಾತ್ರ ಮುಟ್ಟಿದರೆ ಸದ್ದು ಮಾಡುವಂತಿತ್ತು. ಘಾಟಿ ಹತ್ತಿ, ಅರಸೀಕೆರೆ ದಾಟಿ, ಮೈಸೂರು ಸೀಮೆಯ ಯಾವುದೋ ಬಯಲಿಗೆ ಹೋದಾಗ ಕಣ್ಣು ಹಾಯುವಷ್ಟು ದೂರ ಒಂದು ಮರವಿರಲಿಲ್ಲವಂತೆ. ರುಖಿಯಮ್ಮ ಕಾರು ನಿಲ್ಲಿಸಿ ಎಂದರಂತೆ.

"ಅಲ್ಲಿಂದಲೇ ಮರುಭೂಮಿ ಶುರು," ಎಂದು ಕುಂಞಿ ಮೋನು ಸಾಕ್ಷಿ ಹೇಳಿದರು. "ಮುಂದೆ ಇರುದೆಲ್ಲ ಅದೇ. ಒಂದು ನೋಡಿದ್ರೆ ಎಲ್ಲ ನೋಡಿದ ಹಾಗೆ."

"ಎರಡು ಬಿಸಿಲಿಗೆ ಎಲ್ಲ ಒಣಗಿತು," ಎಂದರು ಅದ್ರಾಮ. "ಒಣಗಿದ ಮೇಲೆ ಮುಂದೆ ಎಂತಕ್ಕೆ ಹೋಗುದು?"

"ಒಂಟೆ ಕಂಡ್ರಾ ಅಜ್ಜಿ?" ಎಂದು ಮುನೀರಾ ಕೇಳಿದಳು.

"ಇಲ್ಲ ಮಗಳೇ. ಅವು ಮೇಯ್ಲಿಕ್ಕೆ ಹೋಗಿವೆ ಅಂತ ಈ ಮೋನು ಹೇಳಿದ. ಕಾಯುವ ಅಂದ್ರೆ ಇವರು ಬಿಡ್ಲಿಲ್ಲ."

ಅದ್ರಾಮ ಅಳಿಯನ ಎದುರು ಒಂದು ಬಾಟಲಿಯಿಟ್ಟರು. ಒಳಗೆ ಕೆಂಪು ಮಣ್ಣು. "ನಿಮ್ಗೆ ಅಂತ ತಂದದ್ದು. ಮರುಭೂಮಿಯ ಮರಳು. ಬೇಜಾರು ಮಾಡ್ಬೇಡಿ. ಕಿಟ್ಟಣ್ಣನಿಗೆ ಈಗಲೇ ಹೇಳಿ ಆಗಿದೆ. ಬರುವ ವರ್ಷ ಮುಂದಿನ ಸೀಟು ಪೂರಾ ನಿಮ್ಗೇ."

ಶುಕೂರ್ ಬಾಟಲಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡಿದ. ಅವನ ಕಣ್ಣು ಅದರ ಮೇಲೆ ನಿಂತದ್ದನ್ನು ಕಂಡು ಅದ್ರಾಮ, ಇನ್ನೊಂದು ನಾಲ್ಕು ಬಾಟಲಿ ತರಬೇಕಿತ್ತು ಎಂದುಕೊಂಡರು.

"ಉಮ್ಮಾ," ಎಂದು ಮುನೀರಾ ಒಳಗಿನಿಂದ ತಾಯಿಯನ್ನು ಕೂಗಿದಳು. "ಬರುವ ವರ್ಷ ಇನ್ನೂ ಜಾಸ್ತಿ ಹಪ್ಪಳ ಮಾಡುವ. ಸೇವಂತಿಯಕ್ಕನಿಗೂ ಈಗಲೇ ಹೇಳಿ ಇಡುವ."

ಮರುಭೂಮಿ ನೋಡಬೇಕೆಂದು ತನಗೆ ಯಾವತ್ತೂ ಅನಿಸಿರಲಿಲ್ಲ ಎಂಬುದನ್ನು ಶುಕೂರ್ ಆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.