ಕಿವಿಯ ಹಿಂದಿನ ಮೂಳೆ

ನನ್ನ ಮಾತೊಂದನ್ನು ಬಿಟ್ಟು ಲೋಕದ ಮಾತೆಲ್ಲ ನನ್ನ ಗಂಡನಿಗೆ ಕೇಳಿಸುತ್ತಿತ್ತು. ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ವ್ಯಾಪಾರ ಅವನದು. ಲಾರಿಗಳ ಇಂಜಿನ್ ಒಟ್ಟಿಗೆ ಗುಡುಗುತ್ತಿದ್ದರೂ ಕೇರಳದ ವ್ಯಾಪಾರಿ ಹೇಳಿದ ದರ ಅವನ ಕಿವಿಗೆ ಬೀಳುತ್ತಿತ್ತು. ಒಂದು ದಿನ ಬುತ್ತಿ ಕೊಡಲು ಹೋಗಿ ನಾನೇ ಕಂಡಿದ್ದೆ. ಆ ಗಲಾಟೆಗೆ ನಾನು ಕಿವಿ ಮುಚ್ಚಿಕೊಂಡು ನಿಂತಿದ್ದರೆ ನನ್ನ ಗಂಡ ಶಿವಶಂಕರಪ್ಪನವರು ಎಲ್ಲರಿಗೂ ನಗುನಗುತ್ತ ಉತ್ತರ ಕೊಡುತ್ತಿದ್ದರು. ಅದೇ ಮನುಷ್ಯ ಸಂಜೆ ಹಂಗಳದ ಮನೆಗೆ ಬಂದು ಊಟಕ್ಕೆ ಕೂತಾಗ, "ಇನ್ನೊಂಚೂರು ಸಾರು ಬುಡ್ಲಾ?" ಎಂದರೆ ಗೋಡೆಯ ಹಾಗೆ ಕೂತಿರುತ್ತಿದ್ದ.

ಅವನ ಅವ್ವನ ಮಾತು ಮಾತ್ರ ಕೇಳಿಸುತ್ತಿತ್ತು. ನನ್ನ ಅತ್ತೆ ಪುಟ್ಟಮಲ್ಲಮ್ಮ ಹೊಲದಾಚೆ ಇರುವವರನ್ನು ಕೂಗುವ ಗಂಟಲಲ್ಲೇ ಉಪ್ಪು ಕೇಳುವವಳು. ಆಕೆ ಬಾಯಿ ತೆರೆದರೆ ಸಾಕು, ಮಗ ಎದ್ದು ಬರುತ್ತಿದ್ದ. ನನ್ನನ್ನು ಉಡಿಗಾಲದ ತವರಿನಲ್ಲಿ, ಹೆಣ್ಣಿನ ದನಿ ಬೀದಿಗೆ ಬೀಳಬಾರದು ಎಂದು ಬೆಳೆಸಿದ್ದರು. ನಾನು ಗಂಟಲೆತ್ತಲಿಲ್ಲ. ಅವನೂ ಮನೆಯಲ್ಲಿ ಪಿಸುಗುಟ್ಟಿದಂತೆ ಒಂದೆರಡು ಮಾತಾಡಿ ಸುಮ್ಮನಾಗುತ್ತಿದ್ದ. ಮದುವೆಯ ಹೊಸತರಲ್ಲಿ ಇಷ್ಟಿರಲಿಲ್ಲ, ವರ್ಷದಿಂದ ವರ್ಷಕ್ಕೆ ಹೆಚ್ಚಾಯಿತು. ಒಮ್ಮೆ ಅವನ ಬೆನ್ನ ಹಿಂದೆ ನಿಂತು, "ನಿನ್ ಬಾಯಿಗೆ ಮಣ್ಣಾಕ" ಎಂದು ನೋಡಿದೆ. ತಿರುಗಲಿಲ್ಲ. ಬೈಗುಳಕ್ಕೂ ತಿರುಗದಷ್ಟು ಧಿಮಾಕು ಎಂದುಕೊಂಡು ಅಂದಿನಿಂದ ದಿನವೂ ಬೈದೆ.

2006ರ ಬೇಸಗೆಯಲ್ಲಿ ಗುಂಡ್ಲುಪೇಟೆಯ ಛತ್ರವೊಂದರಲ್ಲಿ ಕಿವಿ ತಪಾಸಣೆಯ ಶಿಬಿರ ನಡೆಯಿತು.

"ಅವನ್ ಕಿವಿ ಯಾಕೋ ಮಂದ ಕಣಮ್ಮಿ, ಕರ್ಕಂಡೋಗಿ ತೋರ್ಸು" ಎಂದಳು ಅತ್ತೆ.

"ಕಿವಿ ಮಂದ ಆಗಿಲ್ಲ, ಮನ್ಸು ಆಗದೆ" ಎಂದೆ. ಆದರೂ ಹೊರಟೆ, ಬಟ್ಟೆಯನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು. ಕಿವಿ ಸರಿಯಾಗಿದೆ ಎಂದು ಡಾಕ್ಟರು ಹೇಳಿದ ಕೂಡಲೇ ಚಾಮರಾಜನಗರದ ಬಸ್ಸು ಹತ್ತುವುದು, ಉಡಿಗಾಲ ಸೇರುವುದು, ಮತ್ತೆ ಇವನ ಮುಖ ನೋಡದಿರುವುದು ಎಂದು ತೀರ್ಮಾನಿಸಿದ್ದೆ.

ಡಾಕ್ಟರು ಸುಧಾಮಣಿ ಎಂಬ ಹೆಂಗಸು. ಉಕ್ಕಿನ ಸಣ್ಣ ಕವೆಯೊಂದನ್ನು ತಟ್ಟಿ ಅವನ ಕಿವಿಯ ಮುಂದೆ ಹಿಡಿದರು. ಇವನು ತಲೆಯಾಡಿಸಿ ಇಲ್ಲವೆಂದ. ನಾಟಕ. ಮತ್ತೆ ತಟ್ಟಿ ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು.

"ಕೇಳ್ತದೆ. ಗುಂಯ್ ಅಂತದೆ" ಎಂದ.

ನಾನು ಎದ್ದೇಬಿಟ್ಟೆ. "ಬರ್ಕಳಿ ಮೇಡಂ, ಅವ್ರೇ ಒಪ್ಕಂಡ್ರು." ಬ್ಯಾಗೂ ಹೆಗಲೇರಿತ್ತು.

"ಕೂತ್ಕೊಳಮ್ಮ" ಎಂದು ಡಾಕ್ಟರು ಕವೆಯನ್ನು ಇನ್ನೊಮ್ಮೆ ತಟ್ಟಿ ಮೇಜಿನ ಮೇಲಿದ್ದ ಲೋಟದ ನೀರಿಗೆ ತಾಗಿಸಿದರು. ನೀರು ಸಿಡಿದು ಅಲೆಯೆದ್ದಿತು. "ಶಬ್ದ ಅಂದ್ರೆ ಈ ನಡುಕವೇ. ಇದು ಗಾಳಿಯನ್ನ ಅಲುಗಿಸುತ್ತೆ, ಗಾಳಿ ಕಿವಿಯ ತಮಟೆಯನ್ನ, ತಮಟೆ ಒಳಗಿನ ಪುಟ್ಟ ಮೂಳೆಗಳನ್ನ. ಇವರ ಕೊನೆಯ ಮೂಳೆ ಬಿಗಿದುಹೋದ ಹಾಗಿದೆ. ನಡುಕ ಅಲ್ಲೇ ನಿಂತುಹೋಗುತ್ತೆ. ತಲೆಯ ಮೂಳೆಗೆ ಒತ್ತಿದಾಗ ಆ ದಾರಿ ಬಿಟ್ಟು ನೇರ ಒಳಕ್ಕೆ ಹೋಯ್ತು, ಕೇಳಿಸ್ತು."

"ಹಂಗಾದ್ರೆ ಮಂಡೀಲಿ ಹೆಂಗೆ ಕೇಳ್ತದೆ?"

"ಅಲ್ಲಿ ಎಲ್ಲರೂ ಕಿರುಚಿಯೇ ಮಾತಾಡ್ತಾರೆ. ಲಾರಿ ಗುಡುಗು ನಿಮಗೆ ಅಡ್ಡ ಬರುತ್ತೆ, ಇವರಿಗೆ ಅಷ್ಟಾಗಿ ಮುಟ್ಟಲ್ಲ. ತಮ್ಮ ದನಿ ತಮಗೆ ಮೂಳೆಯಿಂದಲೇ ಜೋರಾಗಿ ಕೇಳೋದ್ರಿಂದ ಮೆಲ್ಲಗೆ ಮಾತಾಡ್ತಾರೆ. ಆಪರೇಷನ್ನಿಗೆ ಮೈಸೂರಿಗೆ ಬರೆದುಕೊಡ್ತೀನಿ."

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಮೈ ಉರಿಯಿತು. ಎಂಟು ವರ್ಷ ಸಾಕಿದ ಸಿಟ್ಟನ್ನು ಅಕ್ಕಿಕಾಳಿಗಿಂತ ಚಿಕ್ಕ ಮೂಳೆಯ ತಲೆಗೆ ಕಟ್ಟಿ ಸುಮ್ಮನಿರು ಎಂದರೆ ಹೇಗೆ? ಮೂಳೆಗೆ ಬೈದು ಯಾರಿಗೆ ಸುಖ?

ಬಸ್ ನಿಲ್ದಾಣದಲ್ಲಿ ಚಾಮರಾಜನಗರದ ಬಸ್ಸೂ ನಿಂತಿತ್ತು. ಹಂಗಳದ್ದನ್ನೇ ಹತ್ತಿದೆ. ಕರುಣೆಯಿಂದಲ್ಲ, ಬೈಯದೆ ಹೋಗುವುದು ನನ್ನಿಂದಾಗದು, ಅದಕ್ಕೆ. ಮಂಡಿಯವರ ಹಾಗೆ ಗುಡುಗಿನ ನಡುವೆ ಕಿರುಚಲೆಂದು ಇಂಜಿನ್ ಪಕ್ಕದ ಸೀಟನ್ನೇ ಹುಡುಕಿ ಅವನೊಡನೆ ಕೂತೆ. ಬಸ್ಸು ಹೊರಟಿತು, ನಾನೂ ಶುರುಮಾಡಿದೆ, ಮೊದಲ ಸಲ ಅವನ ಮುಖಕ್ಕೇ ಏಕವಚನದಲ್ಲಿ.

"ನಮ್ಮಪ್ಪ ಸತ್ತೋದ್ರು ಅಂತ ಬಂದು ಹೇಳುದ್ರೆ ಅನ್ನ ಕಲುಸ್ಕಂಡು ಕೂತಿದ್ದಲ್ಲಾ ನೀನು. ತುತ್ತು ಹೆಂಗೆ ಇಳೀತು ನಿಂಗೆ?"

ಬಸ್ಸಿಗೆ ಬಸ್ಸೇ ನಮ್ಮತ್ತ ತಿರುಗಿತು. ಅವನಿಗೂ ಒಂದೊಂದು ಮಾತೂ ಕೇಳಿಸಿತು, ಮುಖ ಬಿಳಿಚಿಕೊಂಡಿತು.

"ನೀ ಹೇಳಿದ್ದಾ? ಅವ್ವ ಬಂದು ಕೂಗ್ದಾಗ್ಲೇ ನಂಗೆ ಗೊತ್ತಾದ್ದು" ಎಂದ. "ಮಂಡೀಲಿ ಎಲ್ಲಾ ಕೇಳ್ತಿತ್ತು, ಕಿವಿ ಸರಿಗದೆ ಅಂತಿದ್ದೆ. ನೀನೇ ನನ್ನತ್ರ ಮಾತು ಬುಟ್ಟಿದ್ದೀಯ ಅನ್ಕಂಡಿದ್ದೆ. ಬರೀ ತುಟಿ ಅಲ್ಲಾಡ್ತಿತ್ತು. ಶಾಪ ಹಾಕ್ತಾವ್ಳೆ ಅನ್ಕಂಡೆ."

"ಹಾಕ್ತಾನೂ ಇದ್ದೆ" ಎಂದೆ. ಅಳು ಬಂತು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಹಂಗಳದಲ್ಲಿ ಇಳಿದೆವು. ಬಸ್ಸು ಮುಂದೆ ಹೋಗಿ ರಸ್ತೆ ನಿಶ್ಶಬ್ದವಾಯಿತು. ಬ್ಯಾಗಿನ ಭಾರ ನೋಡಿ ಅವನಿಗೆ ಎಲ್ಲವೂ ಅರ್ಥವಾಗಿರಬೇಕು, ಮೆಲ್ಲಗೆ "ಕೊಡು" ಎಂದು ಕೈ ಚಾಚಿದ.

"ಕೊಡಲ್ಲ" ಎಂದೆ, ಅಭ್ಯಾಸದ ದನಿಯಲ್ಲಿ. ಕೇಳಿಸಲಿಲ್ಲ. ಚಾಚಿದ ಕೈ ಹಾಗೇ ಇತ್ತು, ಕಣ್ಣು ನನ್ನ ತುಟಿಯ ಮೇಲಿತ್ತು.

ಟೀ ಅಂಗಡಿಯ ಮುಂದೆ ಅರ್ಧ ಊರೇ ಕೂತಿತ್ತು. ಉಡಿಗಾಲದವರು ಕಲಿಸಿದ್ದನ್ನೆಲ್ಲ ಆ ರಸ್ತೆಯ ಮೇಲೆ ಬಿಟ್ಟು, ಗಂಟಲು ಹರಿಯುವಂತೆ ಕೂಗಿದೆ.

"ಕೊಡಲ್ಲ. ನಾನೇ ಹೊತ್ಕತೀನಿ, ನಡಿ ಮನೆಗೆ."